ಅವಳ ಫೋನಿನ ಹೊಸ ದನಿ

ಮತ್ತೆ ಅದೇ ಗಂಡು ದನಿ, ಹೆಂಡತಿಯ ಕಿವಿಯಿಂದ ಸೋರಿ ಹೊರಗೆ ಬಂದಷ್ಟೇ ರಾಚಪ್ಪನ ಪಾಲಿಗೆ, ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಚಟಪಟ, ಒಂದು ಮಾತೂ ತಲೆಗೆ ಹತ್ತುವುದಿಲ್ಲ, ಬಸ್ಸು ಬಾಗಲಕೋಟೆ ಬಿಟ್ಟಾಗಿನಿಂದ ಹೀಗೇ ನಡೆದಿದೆ, ಕುಲುಕಿದಾಗೊಮ್ಮೆ ಶಿವಗಂಗಾಳ ಭುಜ ಬಂದು ತಾಗುತ್ತದೆ, ಭುಜ ಇಲ್ಲಿದೆ, ಕಿವಿ ಮಾತ್ರ ಎಲ್ಲಿದೆಯೋ — ಇಬ್ಬರೂ ರಜೆ ಹಾಕಿ ಬಸ್ ಪಾಸು ಹೊಸದು ಮಾಡಿಸಲು ಹೋದದ್ದು, ಹೋಗುವಾಗಲಾದರೂ ಬಿಸಲ ಭಾಳ ಐತ್ರಿ ಎಂದು ಎರಡು ಮಾತಾಡಿದ್ದಳು, ಬರುವಾಗ ಸೀಟಿಗೆ ಕೂತವಳೇ ಇಯರ್‌ಫೋನು ಸಿಗಿಸಿಕೊಂಡಳು. ಹೆಂಡತಿಯ ಕಿವಿಯಲ್ಲಿ ದಿನವಿಡೀ ಒಬ್ಬ ಗಂಡಸು ಕೂತು ಮಾತಾಡುತ್ತಾನೆ ಎಂದು ಯಾರ ಮುಂದಾದರೂ ತೋಡಿಕೊಂಡರೆ ಹೊಟ್ಟೆ ಹಿಡಿದು ನಕ್ಕಾರು, ಅದು ಮಶೀನ್ ಐತಿ ಮಾರಾಯಾ ಅಂದಾರು, ಅದು ಅವನಿಗೆ ಗೊತ್ತಿಲ್ಲವೇ, ಹುಟ್ಟಿನಿಂದ ಕಣ್ಣಿಲ್ಲದವನಿಗೆ ಸ್ಕ್ರೀನ್ ರೀಡರ್ ಅಂದರೇನು ಎಂದು ಬೇರೆಯವರು ಹೇಳಬೇಕೇ, ಗಾಜಿನ ಮೇಲೆ ಬೆರಳು ಎಲ್ಲಿ ಹೋಯಿತೋ ಅಲ್ಲಿರುವುದನ್ನು ಓದಿ ಹೇಳುವ ದನಿ, ಅವನ ಫೋನಿನಲ್ಲೂ ಇದೆ, ಹೆಣ್ಣು ದನಿ, ಸಮಾಧಾನದ್ದು, ದೀಪಾವಳಿಯವರೆಗೆ ಇವಳ ಫೋನಿನಲ್ಲೂ ಅದೇ ಇತ್ತು — ಹಾಗಾದರೆ ಇಷ್ಟು ವರ್ಷ ನಿನ್ನ ಕಿವಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳಲ್ಲೋ ರಾಚಪ್ಪಾ ಎಂದು ಮನಸ್ಸೇ ಒಮ್ಮೆ ಕೇಳಿತ್ತು, ಅದು ಬೇರೆ ಅಂದಿದ್ದ, ಹೇಗೆ ಬೇರೆ ಎಂದು ಮನಸ್ಸು ಮತ್ತೆ ಕೇಳಲಿಲ್ಲ, ಕೇಳಿದ್ದರೆ ಬೈಸಿಕೊಳ್ಳುತ್ತಿತ್ತು.

ಆ ಹಳೇ ದನಿಯನ್ನು ಅವಳ ಕಿವಿಗೆ ಹಾಕಿದವನು ಅವನೇ, ಲಗ್ನ ನಿಶ್ಚಯವಾದ ಮೇಲೆ, ಗುಳೇದಗುಡ್ಡದ ಅವಳ ತವರಿನಲ್ಲಿ, ಒಳಗೆ ಅತ್ತೆ ಗುರುಲಿಂಗವ್ವ ಖಣ ನೇಯುವ ಮಗ್ಗದ ಸಪ್ಪಳ, ಖಟ್ ಖಟ್ ನಿಂತಿತೆಂದರೆ ಅತ್ತೆ ಇತ್ತ ಹಣಿಕಿ ಹಾಕಿದ್ದಾಳೆ ಎಂದೇ ಲೆಕ್ಕ, ಪಡಸಾಲೆಯ ಚಾಪೆ ಮೇಲೆ ಇವರಿಬ್ಬರು, ನಡುವೆ ಮೊದಲ ಪಗಾರದಲ್ಲಿ ಅವನು ಕೊಂಡುತಂದ ಫೋನು, ಅವಳೂ ಅವನಂತೆಯೇ ಬೆಳಕು ಹೇಗಿರುತ್ತದೆಂದು ಕಂಡವಳಲ್ಲ, ಬೆರಳು ಕೊಡು ಇಲ್ಲೆ ಅಂದ, ಕೊಟ್ಟಳು, ನೂಲಿನ ಗಂಟು ಹಾಕಿ ಹಾಕಿ ತುದಿ ಒರಟಾದ ಬೆರಳು, ಒಮ್ಮೆ ಮುಟ್ಟಿದ್ರ ಹೆಸರ ಹೇಳತೈತಿ, ಎರಡ ಸಲ ತಟ್ಟಿದ್ರ ಒಳಗ ಹೋಗತೈತಿ, ಎರಡ ಬೆರಳ ಕೂಡಿಸಿ ಎರಡ ಸಲ ತಟ್ಟಿದ್ರ ಎಲ್ಲಾ ಬಂದ್, ನಿನಗ ಬ್ಯಾಸರ ಆದ್ರ ನನ್ನೂ ಹಂಗ ಬಂದ್ ಮಾಡಬಹುದು ಅಂದದ್ದಕ್ಕೆ ಅವಳು ನಕ್ಕಳು, ಮಗ್ಗ ನಿಂತಿತು. ಬೆರಳು ಹಿಡಿಯದೆ ಈ ವಿದ್ಯೆಯನ್ನು ಕಲಿಸಲು ಬರುವುದೇ ಇಲ್ಲ, ಕಣ್ಣಿದ್ದವರಿಗಾದರೆ ಮಾಡಿ ತೋರಿಸಬಹುದು, ಇವರಿಗೆ ಬೆರಳ ಮೇಲೆ ಬೆರಳಿಟ್ಟೇ ಗಾಜಿನ ಮೇಲೆ ಎಳೆಯಬೇಕು — ಅಂದಮೇಲೆ ಇಳಕಲ್ಲಿನಲ್ಲಿ ಆ ಪ್ರೇಮಕುಮಾರ ಇವಳಿಗೆ ಹೊಸ ರೀಡರ್ ಹೇಗೆ ಕಲಿಸಿದ, ಬರೀ ಬಾಯಿಂದ ಕಲಿಸಿದನೇ, ಹೆಸರಾದರೂ ಎಂಥದು ಇಟ್ಟಿದ್ದಾರೆ ನೋಡು ಅವನಿಗೆ, ಕಲಿಸಲೆಂದು ಇವಳು ಕೆಲಸ ಮಾಡುವ ಸೀರೆ ಅಂಗಡಿಗೇ ಬಂದಿದ್ದನಂತೆ, ಎರಡು ದಿನ ಕೂತಿದ್ದನಂತೆ, ಅಂಗಡಿಯ ಮಾಲೀಕರು ಚಹಾ ಕುಡಿಸಿದರಂತೆ. ಕಲಿಸುವುದಿದ್ದರೆ ತಾನಿರಲಿಲ್ಲವೇ ಮನೆಯಲ್ಲಿ.

ಇವಳು ದಿನಾ ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಹೋಗಿ ಆ ಅಂಗಡಿಯಲ್ಲಿ ಫೋನಿನ ಮೇಲೆ ಆರ್ಡರ್ ತಗೊಳ್ಳುತ್ತಾಳೆ, ಪುಣೆಯವರು, ಸೊಲ್ಲಾಪುರದವರು, ಸೀರೆಯ ಫೋಟೊ ಕಳಿಸಿ ಇದು ಬೇಕು ಅನ್ನುತ್ತಾರೆ, ಫೋಟೊದೊಳಗಿನ ಚೀಟಿಯನ್ನು ಹಳೇ ರೀಡರ್ ಓದುವುದಿಲ್ಲ, ಹೊಸದು ಓದುತ್ತದೆ, ಬಣ್ಣ ಕೂಡ ಹೇಳುತ್ತದೆ, ಎಷ್ಟು ಜೋರಾಗಿ ಓಡಿಸಿದರೂ ಓಡುತ್ತದೆ, ಅದಕ್ಕ ಬದಲ ಮಾಡಿದೆ ಅಂದಳು, ಕಾರಣ ಸರಿಯಾಗಿಯೇ ಇತ್ತು, ಸರಿಯಾಗಿತ್ತು ಎಂಬುದೇ ಅವನಿಗೆ ಇನ್ನಷ್ಟು ಉರಿ. ಮೊದಲು ಊಟವಾದ ಮೇಲೆ ಒಂದೇ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಒಂದು ಇವನ ಕಿವಿಗೆ, ಪೇಪರಿನ ಸುದ್ದಿ ಕೇಳುತ್ತ ಕೂಡುತ್ತಿದ್ದರು, ಈಗ ಅವಳ ವೇಗಕ್ಕೆ ಇವನು ಮುಟ್ಟುವುದಿಲ್ಲ, ಇವನ ವೇಗಕ್ಕೆ ಅವಳಿಗೆ ನಿದ್ದೆ ಬರುತ್ತದೆ. ಮತ್ತೆ ಆ ಪ್ರೇಮಕುಮಾರ ಗುರುತಿಲ್ಲದವನೇನಲ್ಲ, ಹಾಸ್ಟೆಲಿನಲ್ಲಿ ಇವನ ಜೊತೆಯೇ ಇದ್ದವನು, ಪೂರ್ತಿ ಕುರುಡನಲ್ಲ, ಒಂದು ಕಣ್ಣಿನಲ್ಲಿ ಚೂರು ಕಾಣುತ್ತಿತ್ತು, ಅಷ್ಟಕ್ಕೇ ಅಲ್ಲಿ ಅವನು ದೊಡ್ಡ ಸಾಹುಕಾರ, ರೊಟ್ಟಿ ಹಂಚುವಾಗ ದೊಡ್ಡದು ಯಾವುದೆಂದು ಅವನೊಬ್ಬನಿಗೆ ಕಾಣುತ್ತಿತ್ತು, ಬಸ್ಸಿನ ಬೋರ್ಡು ಓದಬೇಕೆಂದರೆ ಪ್ರೇಮ್ಯಾನ್ನ ಕರೀರಿ, ಹುಡುಗಿಯರ ಸಾಲು ಎತ್ತ ನಿಂತಿದೆ ಎಂದು ತಿಳಿಯಬೇಕೆಂದರೆ ಪ್ರೇಮ್ಯಾನ್ನ ಕರೀರಿ. ಏನನ್ನು ನೋಡಬೇಕಾದರೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕು ಅವನು, ಕರೀಹಲಗೆಗೆ ಮುಖ ಹಚ್ಚಿ ಓದಿ ತಿರುಗಿದರೆ ಮೂಗೆಲ್ಲ ಸೀಮೆಸುಣ್ಣ ಎಂದು ಮಾಸ್ತರರು ನಗುತ್ತಿದ್ದರು — ಮೂಗಿಗೆ ತಾಗುವಷ್ಟು. ಇದು ನೆನಪಾದದ್ದು ಮೊನ್ನೆ, ರೊಟ್ಟಿ ಮುರಿಯುತ್ತ ಅವಳು ಏನೂ ಇಲ್ಲವೆಂಬಂತೆ, ಪ್ರೇಮಕುಮಾರ ಅವರು ಅಂದ್ರು, ಆ ದಾಳಿಂಬರಿ ಬಣ್ಣದ ಸೀರಿ ನನಗ ಭಾಳ ಒಪ್ಪತೈತಂತ, ಅಂದಾಗ. ಹಂಗೇನು ಅಂದ ಇವನು, ಪಲ್ಯ ಹಾಕು ಅಂದ. ಬಣ್ಣ ಒಪ್ಪುತ್ತದೆ ಎಂದು ತಿಳಿಯಬೇಕಾದರೆ ಸೀರೆ ಕಾಣಬೇಕು, ಮುಖವೂ ಕಾಣಬೇಕು, ಕಾಣಬೇಕಾದರೆ ಅವನು ಎಷ್ಟು ಹತ್ತಿರ ಬಂದಿರಬೇಕು. ಅಂದಿನಿಂದ ಇದೊಂದೇ, ಕಚೇರಿಯಲ್ಲಿ ಫೋನೆತ್ತಿ ನಮಸ್ಕಾರ್ರಿ ತಾಲೂಕು ಆಫೀಸು ಅನ್ನುವಾಗಲೂ ಇದೇ, ಎಷ್ಟು ಹತ್ತಿರ, ಇವತ್ತೂ ಅದೇ ಸೀರೆ ಉಟ್ಟು ಬಂದಿದ್ದಾಳೆ, ಸೆರಗಿನ ಅಂಚು ಕೈಗೆ ತಾಗಿದಾಗಲೇ ಗೊತ್ತಾಯಿತು.

ಅಮೀನಗಡ, ಹತ್ತು ನಿಮಿಷ ನಿಲ್ತೈತ್ರಿ ಎಂದು ಕಂಡಕ್ಟರು, ಕಿಟಕಿಯಿಂದ ಕರದಂಟಿನ ಬೆಲ್ಲ ಕಾಯುವ ವಾಸನೆ ಒಳಗೆ ನುಗ್ಗುತ್ತದೆ, ಮುಂದಿನ ಸೀಟಿನ ಹೆಣ್ಣುಮಗಳು ಬರ್ರೆವ್ವಾ ಪಾಯಖಾನಿ ಕಡೆ ನಾ ಕರಕೊಂಡ ಹೋಗ್ತೇನಿ ಅಂದಳು, ಶಿವಗಂಗಾ ಎದ್ದು ಇಯರ್‌ಫೋನು ಕಿತ್ತು ಫೋನನ್ನು ಇವನ ಕೈಗಿಟ್ಟಳು, ಹಿಡೀರಿ, ಬಂದೆ. ಲಾಕ್ ಹಾಕುವ ರೂಢಿ ಇಬ್ಬರಿಗೂ ಇಲ್ಲ, ಯಾರಿಂದ ಮುಚ್ಚಿಡುವುದಿದೆ ಎಂಬುದು ಹಳೇ ಮಾತು, ಗಾಜು ಇನ್ನೂ ಅವಳ ಕೈಯ ಬಿಸಿಯಲ್ಲಿದೆ, ಇಟ್ಟುಕೊಂಡು ಸುಮ್ಮನೆ ಕೂಡಬೇಕಿತ್ತು, ಕೂಡಲಿಲ್ಲ, ವಾಟ್ಸಾಪ್ ಎಲ್ಲಿರುತ್ತದೆ ಎಂದು ಬೆರಳಿಗೆ ಗೊತ್ತು, ಅವಳ ಫೋನನ್ನು ಜೋಡಿಸಿಕೊಟ್ಟವನೇ ಅವನು, ಬೆರಳಿಟ್ಟದ್ದೇ ಆ ಗಂಡಸು ಬಾಯಿ ತೆರೆದ, ಚಟಪಟ ಚಟಪಟ, ಸಾವಕಾಶ ಹೇಳಲೇ ಅನ್ನಬೇಕೆನಿಸಿತು, ಹತ್ತು ಮಾತಿನಲ್ಲಿ ಒಂದು ಹತ್ತಿತು, ಆ ಒಂದು ಪ್ರೇಮಕುಮಾರ, ಎರಡು ಸಲ ತಟ್ಟಿದ, ಒಳಗೆ ಹೋಯಿತು. ಅವನು ಇವಳಿಗೆ ಏನು ಹೇಳುತ್ತಾನೆ ಕೇಳಬೇಕು, ಅಷ್ಟೇ, ಕೇಳಿ ಮುಚ್ಚಿಬಿಡುವುದು, ಬೆರಳು ಮೇಲೆ ಕೆಳಗೆ ಹುಡುಕಾಡಿತು, ಆ ಗಂಡಸು ನಿಲ್ಲಿಸದೆ ಒದರುತ್ತಿದ್ದಾನೆ, ಬಸ್ಸಿನ ಮಂದಿ ತನ್ನತ್ತ ತಿರುಗಿದ್ದಾರೇನೋ, ಕೆಳಗಿನ ಬಲಮೂಲೆಯಲ್ಲಿ ಗಡಿಬಿಡಿಯಿಂದ ಎರಡು ಸಲ ತಟ್ಟಿದ, ಟುಣ್ ಎಂದಿತು, ದನಿ ಗಪ್ಪಾಯಿತು. ಸದ್ಯ ಬಾಯಿ ಮುಚ್ಚಿದ ಎಂದು ಎರಡು ಬೆರಳು ಕೂಡಿಸಿ ಇನ್ನೆರಡು ಸಲ ತಟ್ಟಿದ, ಎಲ್ಲಾ ಬಂದ್, ತನ್ನ ಫೋನಿನಲ್ಲಿ ಹಾಗೇ, ಇವಳಿಗೂ ಹಾಗೇ ಕಲಿಸಿದ್ದು, ಫೋನು ತೊಡೆಯ ಮೇಲೆ ತಣ್ಣಗೆ ಕೂತಿತು. ಹೊಟ್ಟೆಯೊಳಗಿನ ಮಾತು ಹೊರಗೆ ಬಂತು, ಸಣ್ಣಗೆ, ತುಟಿಯಲ್ಲೇ, ಪಕ್ಕದ ಸೀಟು ಖಾಲಿ ಇದ್ದುದರಿಂದ — ಎಷ್ಟ ಸನೇಕ ಬಂದಿದ್ದೀಲೇ ಪ್ರೇಮ್ಯಾ, ಬಣ್ಣ ಕಾಣಾಕ, ಎಷ್ಟ ಸನೇಕ, ಲಗ್ನ ಆಗಿ ಇಷ್ಟ ವರ್ಷ ಆತು, ಆಕಿ ಕೆಂಪಗದಾಳೋ ಕರ್ರಗದಾಳೋ ನನಗ ಗೊತ್ತಿಲ್ಲ, ನೀ ಎರಡ ದಿನದಾಗ ನೋಡಿ ಹೋದಿ, ಅವಾಗ ದೊಡ್ಡ ರೊಟ್ಟಿ ತಗೊಂಡಿ, ಸುಮ್ಮನಿದ್ದೆ, ಇದನ್ನೂ ನೀನ ನೋಡಬೇಕೇನು.

ಕರದಂಟ ತಗೊಳ್ಳೂದೈತೇನ್ರಿ ಎಂದು ಬಾಗಿಲ ಹತ್ತಿರ ಅವಳ ದನಿ, ಬಳೆಯ ಸಪ್ಪಳ, ಫೋನನ್ನು ಮೊದಲಿದ್ದಂತೆ ಮಾಡಬೇಕೆಂಬ ಅವಸರಕ್ಕೆ ಅದೇ ಮೂಲೆಯಲ್ಲಿ ಮತ್ತೆರಡು ಸಲ ತಟ್ಟಿದ, ಸುಂಯ್ ಎಂದಿತು, ಇಷ್ಟು ಹೊತ್ತು ಗಪ್ಪಾಗಿದ್ದವನು ಬಾಯಿಬಿಟ್ಟ, ಆ ಓಟದಲ್ಲೂ ಈ ಮಾತು ಮಾತ್ರ ನೆಟ್ಟಗೆ ಹತ್ತಿತು, ಕಳುಹಿಸಲಾಗಿದೆ. ಆ ಮೂಲೆಯಲ್ಲಿದ್ದದ್ದು ದನಿ ಹಿಡಿದು ಕಳಿಸುವ ಗುಂಡಿ — ರೆಕಾರ್ಡಿಂಗ್ ನಡೆದಾಗ ರೀಡರ್ ಮಾತಾಡುವುದಿಲ್ಲ, ತನ್ನ ದನಿ ನಡುವೆ ಸೇರಬಾರದೆಂದು ಗಪ್ಪಾಗಿರುತ್ತದೆ, ಹುನಗುಂದದಲ್ಲಿ ಕಣ್ಣಿಲ್ಲದ ಎಷ್ಟು ಜನಕ್ಕೆ ಇದನ್ನು ಅವನೇ ಹೇಳಿಕೊಟ್ಟಿಲ್ಲ, ಎರಡು ಬೆರಳಿನ ಪೆಟ್ಟು ಈ ಹೊಸದಕ್ಕೆ ನಾಟಿಯೇ ಇರಲಿಲ್ಲ, ಅಳಿಸಬೇಕು, ಪ್ರೇಮ್ಯಾ ಕೇಳುವುದರೊಳಗೆ ಅಳಿಸಬೇಕು, ಒತ್ತಿ ಹಿಡಿದ, ಎಳೆದ, ತನ್ನ ಬೆರಳಿಗೆ ಗೊತ್ತಿದ್ದದ್ದೆಲ್ಲ ಮಾಡಿದ, ಯಾವುದಕ್ಕೂ ಜಗ್ಗಲಿಲ್ಲ. ಅವಳು ಬಂದು ಕೂತಳು, ಬಸ್ಸು ಹೊರಟಿತು, ಕೈ ಚಾಚಿದಳು, ಕೊಡಲೇಬೇಕಾಯಿತು. ಏನೋ ಒತ್ತೇನಿ, ಅಳಿಸು ಅದನ್ನ, ಕೇಳಬ್ಯಾಡ ಅಂದ. ಕೇಳಬೇಡ ಅಂದದ್ದೇ ತಪ್ಪಾಯಿತು, ಇಯರ್‌ಫೋನು ಸಿಗಿಸಿದಳು, ಹೊರಗೆ ಸೋರಿತು, ಈ ಸಲ ಅದು ಯಂತ್ರವಲ್ಲ, ತಾನೇ, ಎರಡು ಪಟ್ಟು ಓಟದಲ್ಲಿ ತಾನೇ, ಈಗ ಎಲ್ಲಿಗೆ ಬಂದಿರಬಹುದು, ಸನೇಕ ಮುಗಿದಿರಬೇಕು, ಕೆಂಪಗದಾಳೋ ಕರ್ರಗದಾಳೋ ಬಂದಿರಬೇಕು, ಅವಳ ಬಳೆ ಒಮ್ಮೆ ಕಿಣಿ ಎಂದಿತು, ಆ ಮಾತಿಗೇ ಇರಬೇಕು, ರೊಟ್ಟಿಯ ಮಾತಾದರೂ ಆಡಬಾರದಿತ್ತು.

ಸೋರುವುದು ನಿಂತಿತು. ಅವಳ ಬೆರಳು ಗಾಜಿನ ಮೇಲೆ ಎರಡು ಮೂರು ಕಡೆ ಆಡಿತು, ಅಂವಗ ಹೋಗಿತ್ತು, ಇನ್ನೂ ಕೇಳಿರಲಿಲ್ಲ, ಅಳಿಸೀನಿ ಅಂದಳು, ಹೋದ ಜೀವ ಬಂತು ಅನ್ನುವಷ್ಟರಲ್ಲಿ, ಇದನ್ನ ಅಂವನ ಯಾಕ ಕೇಳೀರಿ, ನನ್ನ ಕೇಳಬೇಕಿತ್ತು ಅಂದಳು, ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವನೂ ಸಿಟ್ಟಾಗಿ ಹೇಗೋ ಪಾರಾಗುತ್ತಿದ್ದ. ಕೇಳೇನಿ ಈಗ, ಹೇಳು ಅಂದ. ಅಂಗಡಿಯಲ್ಲಿ ಪ್ರೇಮಕುಮಾರ ಇದ್ಯಾವ ಬಣ್ಣದ ಸೀರೆ, ನೋಡಲೇನು ಅಂದನಂತೆ, ಅವಳು ಸೆರಗಿನ ತುದಿ ಕೈಯಾಗ ಕೊಟ್ಟಳಂತೆ, ಮೂಗಿಗೆ ಹಚ್ಚಿ ನೋಡಿದ್ರು, ಆಮ್ಯಾಲೆ ಮಕಾ ಎತ್ತಿ ನನ್ನ ಕಡೆ ನೋಡಿದ್ರು, ಭಾಳ ಹೊತ್ತ ನೋಡಿದ್ರು, ನಾ ಸುಮ್ಮನ ನಿಂತೆ. ಸುಮ್ಮನ ಯಾಕ ನಿಂತಿ, ಇದು ಅವನ ಬಾಯಿಂದ ಹೊರಗೆ ಬಂದೇಬಿಟ್ಟಿತು. ಬಸ್ಸು ಒಂದು ಉಬ್ಬು ದಾಟಿತು, ನನಗೂ ಬೇಕಾಗಿತ್ರಿ, ಉಟ್ಟರ ಹ್ಯಾಂಗ ಕಾಣತೇನಂತ ಹುಟ್ಟಿದಾಗಿಂದ ಯಾರೂ ನನಗ ಹೇಳಿಲ್ಲ, ಅಂದಳು, ಖರೆ ಹೇಳತೇನಿ, ಮತ್ತ ಏನೂ ಇಲ್ಲ.

ಮತ್ತೇನೂ ಇಲ್ಲ, ಅವನು ನಂಬುತ್ತಾನೆ, ಅವಳು ಸುಳ್ಳು ಹೇಳುವವಳಲ್ಲ, ನಂಬಿದ್ದರಿಂದ ಏನೂ ಹಗುರಾಗಲಿಲ್ಲ, ಕೈ ತಾನಾಗಿಯೇ ಅವಳ ಸೆರಗನ್ನು ಹುಡುಕಿತು, ತುದಿ ಸಿಕ್ಕಿತು, ಎತ್ತಿ ಮೂಗಿಗೆ ಹಚ್ಚಿದ, ಗಂಜಿಯ ವಾಸನೆ, ಬಸ್ಸಿನ ಡೀಸೆಲ್, ಅದರಡಿಯಲ್ಲಿ ಅವಳು, ಇನ್ನೂ ಹತ್ತಿರ ಒತ್ತಿದ, ನೂಲಿನ ಗೆರೆ ಒಂದೊಂದೂ ತುಟಿಗೆ ತಿಳಿಯುತ್ತದೆ, ಒಪ್ಪತೈತಿ ಎಂದು ಹೇಳಿಬಿಡಲೇ ಅನಿಸಿತು, ಹೇಳಿದರೆ ಅವಳು ನಗಲಿಕ್ಕಿಲ್ಲ, ಆದರೆ ನಂಬುವುದೂ ಇಲ್ಲ, ಇದಕ್ಕಿಂತ ಹತ್ತಿರ ಆ ಪ್ರೇಮ್ಯಾ ಬಂದಿರಲಿಕ್ಕೆ ಸಾಧ್ಯವೇ ಇಲ್ಲ, ಆದರೂ ಕಂಡದ್ದು ಅವನಿಗೆ — ಸೆರಗು ಮೂಗಿಗೆ ಹಚ್ಚಿದ, ಮುಖ ಎತ್ತಿದ, ಅವಳು ಸುಮ್ಮನೆ ನಿಂತಳು, ಮುಖ ಎತ್ತಿದ, ಅವಳು ಸುಮ್ಮನೆ ನಿಂತಳು, ಭಾಳ ಹೊತ್ತು, ಅವಳು ಸುಮ್ಮನೆ ನಿಂತಳು.