ಅಂಚು ಹಿಡಿದ ಕೈ

"ಪಾಠಕ್ಕೆ ತೋರಿಸೋ ಫೋಟೋದಲ್ಲಿ ಮುಖ ಕಾಣಿಸಲ್ಲ, ಯಜಮಾನ್ರೇ. ಹೆಸರೂ ಹಾಕಲ್ಲ. ಮಂಡಿಯಿಂದ ಕೆಳಗೆ, ಅಷ್ಟೆ," ಎಂದರು ಡಾಕ್ಟರಮ್ಮ.

ದರ್ಜಿ ತಲೆ ಎತ್ತಲಿಲ್ಲ. ಮೇಜಿನ ಮೇಲೆ ಹರಡಿದ್ದ ಬೂದು ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದವನು, ಹಾಕಿದ ಗೆರೆಯ ಮೇಲೆಯೇ ಇನ್ನೊಂದು ಸಲ ಎಳೆದ. ಡಾಕ್ಟರಮ್ಮ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರನ್ನು ಕರೆದುಕೊಂಡು ಬಂದ ಮಗಳು ಮಾತ್ರ ಹೊಸ್ತಿಲಲ್ಲಿ ಒಳಗೂ ಅಲ್ಲ, ಹೊರಗೂ ಅಲ್ಲ ಎನ್ನುವ ಹಾಗೆ ನಿಂತಿದ್ದಳು. ಅಮ್ಮ ಹೋದಾಗಿನಿಂದ ಅಂಗಡಿಗೆ ಬಂದರೆ ಅವಳು ನಿಲ್ಲುವ ಜಾಗ ಅದೇ.

ಅಂಗಡಿಯಲ್ಲಿ ಎರಡು ಹೊಲಿಗೆ ಮಿಷನ್ನುಗಳಿದ್ದವು. ಕಿಟಕಿಯ ಪಕ್ಕದ್ದಕ್ಕೆ ಹಳೆಯ ಹೊದಿಕೆ ಹೊದಿಸಿತ್ತು. ಅದನ್ನು ತುಳಿಯುತ್ತಿದ್ದವಳ ಕಾಲಿನ ವಿಚಾರವನ್ನೇ ಅವರು ಆಡುತ್ತಿದ್ದುದು.

"ಯಾವ ಫೋಟೋ ಅಂತ ಗೊತ್ತಾಯ್ತು ಬಿಡಿ," ಎಂದ ದರ್ಜಿ.

ಗೊತ್ತಾಗದೆ ಇರುತ್ತದೆಯೇ. ಹೋದ ವರ್ಷ ರಜೆಗೆಂದು ಮಗಳು ಹಾಸ್ಟೆಲಿನಿಂದ ಬಂದಿದ್ದಳು. ಮಧ್ಯಾಹ್ನದ ಹೊತ್ತು. ಹೆಂಡತಿಯ ಹಿಮ್ಮಡಿ ಒಡೆದು, ಆ ಕಾಲು ಮೊಣಕಾಲಿನ ಕೆಳಗೆ ಊದಿಕೊಂಡಿತ್ತು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡೇ ಅವಳು ಗುಂಡಿ ಹೊಲಿಯುತ್ತಿದ್ದಳು. ಮಗಳು ನೋಡಿದವಳೇ ಸೂಜಿ ಕಿತ್ತಿಟ್ಟು, ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಂಜಿನ ಗುರುತುಗಳೆಂದು ಪುಸ್ತಕದಲ್ಲಿ ಓದಿದ್ದನ್ನು ಒಂದೊಂದಾಗಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವುದು ಅವಳ ತುಟಿ ನೋಡಿದರೇ ತಿಳಿಯುತ್ತಿತ್ತು. ಕೆಂಪು, ಬಿಸಿ, ಊತ, ನೋವು.

"ಬಿಸಿ ಇದೆಯಲ್ಲಮ್ಮ."

"ಈಗ ತಾನೇ ಬಿಸಿನೀರಿಂದ ತೆಗೆದಿದೀಯ, ಬಿಸಿ ಇರದೆ ತಣ್ಣಗಿರತ್ತಾ? ಇದನ್ನ ಹೇಳೋಕೆ ಅಷ್ಟು ವರ್ಷ ಓದ್ಬೇಕಾ, ಡಾಕ್ಟ್ರೇ?"

ಡಾಕ್ಟ್ರೇ ಎನ್ನುವುದು ಮಗಳಿಗೆ ಮನೆಯಲ್ಲಿ ಬಿದ್ದ ಹೆಸರು. ಗೊಂಬೆಯ ಹೊಟ್ಟೆ ಕೊಯ್ದು ಹತ್ತಿ ತೆಗೆದ ದಿನದಿಂದ ಅವಳು ಡಾಕ್ಟ್ರೇ. ಮಗಳು ನಕ್ಕಳು. ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ತಿರುಗಿಸಿ, ಮತ್ತೆ ಮತ್ತೆ ನೋಡಿದಳು. "ಕೆಂಪಾಗಿಲ್ಲ," ಎಂದಳು. "ದಿನವೆಲ್ಲ ಕಾಲು ಇಳಿಬಿಟ್ಟು ಕೂತರೆ ಊದದೆ ಏನಾಗತ್ತೆ. ಆದರೂ ಇರಲಿ, ಎರಡೂ ಕಾಲಿನದ್ದು ಒಂದು ಫೋಟೋ ತೆಗೆದು ನಮ್ಮ ಮೇಡಂಗೆ ಕಳಿಸ್ತೀನಿ."

"ಇಷ್ಟು ವರ್ಷದಲ್ಲಿ ನನ್ನ ಮುಖದ್ದು ಒಂದು ಫೋಟೋ ತೆಗೆಸಲಿಲ್ಲ ನಿಮ್ಮಪ್ಪ. ನೀನು ಕಾಲಿನದ್ದು ತೆಗೀತೀಯಾ," ಎಂದು ಹೆಂಡತಿ ಗಂಡನ ಕಡೆ ನೋಡಿ ಮೂತಿ ತಿರುವಿದಳು. ಲಂಗದ ಅಂಚನ್ನು ಮೇಲೆ ಎತ್ತಿ ಹಿಡಿಯಲು ಅವನೇ ಬಗ್ಗಬೇಕಾಯಿತು. ಮಗಳ ಮುಂದೆಯೂ ಮಂಡಿ ಕಾಣಬಾರದು ಎಂದು ಅವಳು ಇಳಿಸುವುದು, ಇವನು ಎತ್ತುವುದು. "ಕೈ ಅಲ್ಲಾಡಿಸ್ಬೇಡಪ್ಪ, ಹಾಗೇ ಹಿಡ್ಕೋ," ಎಂದಳು ಮಗಳು.

ಮೇಡಂ ಕೂಡಲೇ ಉತ್ತರ ಕಳಿಸಿದರು. ಕೆಂಪಿಲ್ಲ, ಗಾಬರಿ ಬೇಡ, ಕಾಲು ಎತ್ತರದಲ್ಲಿಟ್ಟು ಮಲಗಲಿ. ಮಗಳು ಅಮ್ಮನ ಕಾಲಿನ ಕೆಳಗೆ ದಿಂಬು ಜೋಡಿಸಿ, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಳು. ಅಮ್ಮನಿಗೆ ನಡುಕ ಶುರುವಾದದ್ದು ಆಮೇಲೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ನಂಜು ರಕ್ತಕ್ಕೆ ಏರಿಬಿಟ್ಟಿತ್ತು. ದಿಂಬು ಇನ್ನೂ ಹಾಸಿಗೆಯ ಕಾಲ ಕಡೆಯಲ್ಲೇ ಇತ್ತು.

ಆ ಮೇಡಂ ಈಗ ಸ್ಟೂಲಿನ ಮೇಲೆ ಕೂತಿದ್ದರು. ಅವರು ಒಳಗೆ ಕಾಲಿಟ್ಟಾಗಲೇ ದರ್ಜಿಗೆ ಗೊತ್ತಾಗಿತ್ತು. ಕುಡಿಯಲು ನೀರು ಕೊಟ್ಟಿದ್ದ. ಅವರು ಕುಡಿದಿರಲಿಲ್ಲ.

"ಕಾಲೇಜಿಗೆ ಹೊಸ ಮಕ್ಕಳು ಬಂದಿದ್ದಾರೆ," ಎಂದರು ಅವರು. "ಅವರ ಪುಸ್ತಕ ತೆರೆದರೆ ಇವತ್ತಿಗೂ ಅದೇ ಬಿಳಿ ಕಾಲು, ಅದೇ ಕೆಂಪು. ಆಸ್ಪತ್ರೆ ಬೆಂಚಿನ ಮೇಲೆ ಕಾಯ್ತಾ ಕೂತಿರೋರಲ್ಲಿ ಆ ಬಣ್ಣದೋರು ಎಷ್ಟು ಜನ? ಕಪ್ಪು ಮೈಯಲ್ಲಿ ನಂಜು ಹಾಗೆ ಕೆಂಪಾಗಿ ಕಾಣಲ್ಲ. ಚರ್ಮ ಬಿಗಿದು ಹೊಳೆಯತ್ತೆ. ಇರೋ ಕಪ್ಪೇ ಇನ್ನಷ್ಟು ಕಪ್ಪಾಗತ್ತೆ. ಅದನ್ನ ನನಗೆ ಯಾರೂ ತೋರಿಸ್ಲಿಲ್ಲ. ನಾನು ಇವಳಿಗೆ ತೋರಿಸ್ಲಿಲ್ಲ." ತಮ್ಮ ಮುಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಅದೂ ದರ್ಜಿಯ ಕೈಯಷ್ಟೇ ಕಪ್ಪು. "ನನ್ನ ಕಾಲಿಗೇ ಬಂದಿದ್ರೂ ನನಗೆ ಗೊತ್ತಾಗ್ತಿರಲಿಲ್ಲ."

ದರ್ಜಿ ಸೀಮೆಸುಣ್ಣ ಕೆಳಗಿಟ್ಟ.

"ಅವಳು ಯಾರ ಮುಂದೂ ಕಾಲು ಚಾಚಿ ಕೂತವಳಲ್ಲ, ಡಾಕ್ಟ್ರಮ್ಮ."

"ಬೇಡ ಅಂದ್ರೆ ಬೇಡಪ್ಪ," ಎಂದಳು ಮಗಳು ಹೊಸ್ತಿಲಿನಿಂದ. "ಮೇಡಂ, ಹೋಗೋಣ."

ದರ್ಜಿ ಹೊಸ್ತಿಲ ಕಡೆ ನೋಡಿದ. ಈ ಒಂದು ವರ್ಷದಲ್ಲಿ ಅವನು ಮಗಳಿಗೆ ನೀನು ಹೀಗೆ ಮಾಡಿದೆ ಎಂದು ಒಂದು ಮಾತು ಅಂದಿರಲಿಲ್ಲ. ನಿನ್ನ ತಪ್ಪಲ್ಲ ಎಂದೂ ಅಂದಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಡಾಕ್ಟ್ರೇ ಎಂದು ಕರೆಯುವುದನ್ನು ಬಿಟ್ಟುಬಿಟ್ಟ, ಅಷ್ಟೆ. ಬಾಯಿಗೆ ಬರುತ್ತಿರಲಿಲ್ಲ. ಅವಳಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ಕೇಳಿಸಿತ್ತು ಎನ್ನುವುದು ಅವನಿಗೂ ಗೊತ್ತಿತ್ತು.

"ಎಲ್ಲಿ, ತೋರಿಸಿ," ಎಂದ.

ಡಾಕ್ಟರಮ್ಮ ಚೀಲದಿಂದ ದೊಡ್ಡದಾಗಿ ಅಚ್ಚುಹಾಕಿಸಿದ ಹಾಳೆ ತೆಗೆದು ಬೂದು ಬಟ್ಟೆಯ ಮೇಲಿಟ್ಟರು. ದರ್ಜಿ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡ. ಎರಡು ಕಾಲುಗಳು. ಬಲಗಾಲಿನ ಪಾದದಲ್ಲಿ ಮಿಷನ್ನು ತುಳಿದು ತುಳಿದು ಚರ್ಮ ಗಟ್ಟಿಯಾಗಿ ಬಿದ್ದ ಆಣಿ. ಅವಳದೇ. ತುಂಬ ಹೊತ್ತು ನೋಡಿದ.

"ನನ್ನ ಕೈ ಎಲ್ಲಿ?"

"ಯಾವ ಕೈ?"

"ಅಂಚು ಹಿಡ್ಕೊಂಡಿದ್ದೆನಲ್ಲ."

ಡಾಕ್ಟರಮ್ಮ ಮಗಳ ಕಡೆ ನೋಡಿದರು. "ಇತ್ತಪ್ಪ," ಎಂದಳು ಮಗಳು. "ಪಾಠಕ್ಕೆ ಕಾಲು ಸಾಕು ಅಂತ ಮೇಲಿನ ಭಾಗ ಕತ್ತರಿಸಿದ್ವಿ."

ಕತ್ತರಿ ಹಿಡಿದೇ ಮುದುಕನಾದವನು ಅವನು. ಯಾವುದನ್ನು ಎಲ್ಲಿ ಕತ್ತರಿಸಬೇಕೆಂದು ಇನ್ನೊಬ್ಬರಿಗೆ ಹೇಳುವುದು ಅವನ ಸ್ವಭಾವವಲ್ಲ. ಹಾಳೆಯನ್ನು ಮೆಲ್ಲಗೆ ಅವರ ಕಡೆಗೆ ಸರಿಸಿದ.

"ತೋರಿಸೋದಾದ್ರೆ ಕೈ ಇಟ್ಟು ತೋರಿಸಿ. ಅಷ್ಟು ಜನರ ಮುಂದೆ ಅವಳೊಬ್ಬಳೇ ಬೇಡ."

ಮಗಳು ಬೀದಿಯ ಕಡೆಗೆ ಮುಖ ತಿರುಗಿಸಿಕೊಂಡಳು. ಡಾಕ್ಟರಮ್ಮ ಆಗ ಲೋಟ ಎತ್ತಿ ನೀರು ಕುಡಿದರು.

ಪಾಠದ ದಿನ ಅವನೂ ಕಾಲೇಜಿಗೆ ಹೋದ. ಬಾ ಎಂದು ಯಾರೂ ಕರೆದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೆಟ್ಟಿಲಿನಂತೆ ಏರುತ್ತಾ ಹೋಗುವ ಬೆಂಚುಗಳ ಕೋಣೆ. ಎಲ್ಲಕ್ಕಿಂತ ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಕೆಳಗೆ ಸಾಲುಸಾಲಾಗಿ ಬಿಳಿ ಕೋಟುಗಳು. ಯಾರದೋ ಭುಜದ ಹೊಲಿಗೆ ಬಿಟ್ಟಿತ್ತು. ದೀಪ ಆರಿಸಿದರು. ಗೋಡೆಯ ತುಂಬ ಅವನ ಹೆಂಡತಿಯ ಕಾಲು ಬಂದು ನಿಂತಿತು.

ಪರದೆಯ ಪಕ್ಕದಲ್ಲಿ ಮಗಳು ನಿಂತಿದ್ದಳು; ಈ ಪಾಠವನ್ನು ಡಾಕ್ಟರಮ್ಮ ಅವಳಿಗೇ ಬಿಟ್ಟಿದ್ದರು. ಕಾಯಿಲೆಯವರ ಹೆಸರು ಹೇಳುವ ಪದ್ಧತಿ ಅಲ್ಲಿಲ್ಲ. "ಮಧ್ಯವಯಸ್ಸಿನ ಹೆಂಗಸು," ಎಂದು ಶುರುಮಾಡಿದಳು. "ಹಿಮ್ಮಡಿ ಒಡೆದಿದೆ. ಏನು ಕಾಣಿಸ್ತಿದೆ, ಹೇಳಿ."

"ಕೆಂಪಿಲ್ಲ," ಎಂದ ಮುಂದಿನ ಸಾಲಿನ ಒಬ್ಬ ಹುಡುಗ. "ಬರೀ ಊತ. ಕಾಲು ಎತ್ತರದಲ್ಲಿಟ್ಟರೆ ಇಳಿಯತ್ತೆ."

ಮಗಳು ಪರದೆಯ ಕಡೆ ತಿರುಗಿದಳು. "ನಾನೂ ಹಾಗೇ ಅಂದಿದ್ದೆ. ಕೆಂಪು ಹುಡುಕಬೇಡಿ. ಈ ಕಾಲು ನೋಡಿ, ಆಮೇಲೆ ಆ ಕಾಲು ನೋಡಿ."

ದರ್ಜಿಯೂ ನೋಡಿದ. ಅಷ್ಟು ದೊಡ್ಡದು ಮಾಡಿ ತೋರಿಸಿದಾಗ ಕುರುಡನಿಗೂ ಕಾಣುವ ಹಾಗಿತ್ತು. ಒಂದು ಕಾಲಿನ ಕಪ್ಪು ಎಂದಿನ ಕಪ್ಪು. ಇನ್ನೊಂದರದು ಬೇರೆ, ನೇರಳೆಗೆ ತಿರುಗಿ ಗಾಜಿನಂತೆ ಹೊಳೆಯುವ ಕಪ್ಪು. ಕಪ್ಪು ಕೋಟಿಗೆ ಒಂದು ಎಳೆ ಬೇರೆ ಕಪ್ಪಿನ ದಾರ ಬಿದ್ದರೂ ಬಿಚ್ಚಿ ಹೊಲಿಯುತ್ತಿದ್ದವನು ಅವನು. ಆ ದಿನ ಆ ಕಾಲು ಅವನ ಕಣ್ಣಿನಿಂದ ಒಂದು ಮೊಳ ದೂರದಲ್ಲಿತ್ತು.

"ಆ ಕೈ ಯಾರದು?" ಎಂದು ಒಬ್ಬಳು ಕೇಳಿದಳು. ಇಬ್ಬರು ಮೂವರು ಕಿಸಕ್ಕನೆ ನಕ್ಕರು.

"ಅವರ ಮನೆಯವರದು," ಎಂದಳು ಮಗಳು.

"ಗುಣ ಆದ್ರಾ ಅವರು?"

ಡಾಕ್ಟರಮ್ಮ ಏನೋ ಹೇಳಲೆಂದು ಎದ್ದರು. ಅಷ್ಟರಲ್ಲಿ ಮಗಳೇ, "ಇಲ್ಲ," ಎಂದಳು. ಅವಳು ಕತ್ತಲಲ್ಲಿ ಬೆಂಚುಗಳನ್ನು ದಾಟಿ ಹಿಂದಿನ ಸಾಲಿನ ಕಡೆಗೆ ಕಣ್ಣು ಹಾಯಿಸಿದಳು. ಅಪ್ಪ ಎಲ್ಲಿ ಕೂತಿದ್ದಾನೆಂದು ಅವಳಿಗೆ ಕಾಣುವಂತಿರಲಿಲ್ಲ.

ಡಾಕ್ಟ್ರೇ, ಎಂದ ಅವನು. ತುಟಿ ಆಡಿತು. ದನಿ ಹೊರಡಲಿಲ್ಲ.

ಚಿತ್ರ ಬದಲಾಯಿತು. ಗೋಡೆಯ ಮೇಲೆ ಇನ್ನಾರದೋ ಬೆನ್ನು ಬಂತು, ಆಮೇಲೆ ಯಾವುದೋ ಮಗುವಿನ ಅಂಗೈ. ಹಿಂದಿನ ಬೆಂಚಿನಲ್ಲಿ ದರ್ಜಿ ತನ್ನ ಅಂಗಿಯ ಅಂಚನ್ನು ಎರಡು ಬೆರಳಿನಲ್ಲಿ ಮೇಲೆತ್ತಿ ಹಿಡಿದು, ಅಲ್ಲಾಡಿಸದೆ, ಹಾಗೇ ಕೂತಿದ್ದ.