ಗುಲಾಬಿ ಗಂಧದ ಆರು ಬಟ್ಟಲು

ಟೀಚರಮ್ಮ ಚೀಲದಿಂದ ಆರು ಮರದ ಬಟ್ಟಲು ತೆಗೆದು, ಸತ್ತ ಇಲಿಗಳನ್ನಿಡುವ ಹಾಗೆ ಬೆರಳ ತುದಿಯಲ್ಲಿ ಹಿಡಿದು, ಒಂದೊಂದನ್ನೇ ಮೇಜಿನ ಮೇಲಿಟ್ಟಳು.

“ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಸ್ಟೀಲು ಹಲ್ಲಿಗೆ ತಾಗಿದ್ರೆ ಜುಮ್ಮನ್ನತ್ತೆ ಅಂತ ನಮ್ಮತ್ತೆಗೆ ಮಾಡಿಸಿದ್ದಲ್ವಾ? ನಿನ್ನೆ ಬಿಸಿ ಸೂಪ್ ಹಾಕಿಕೊಟ್ಟೆ. ಒಂದು ಗುಟುಕು ಕುಡಿದು, ‘ಇದ್ಯಾರ ತಲೆ ತೊಳೆದ ನೀರೇ?’ ಅಂದ್ರು. ಬಟ್ಟಲಿಗೆ ಹಚ್ಚಿದ ಎಣ್ಣೆ ಬೇರೆ ಇನ್ನೂ ಒಣಗೇ ಇಲ್ಲ, ಅಂಟಂಟು.”

ಲೇತಿನ ಮುಂದೆ ನಿಂತಿದ್ದ ಗಿರಕಿ ತಾತ ಉಳಿ ಕೆಳಗಿಟ್ಟ. ಐವತ್ತು ವರ್ಷದಿಂದ ಲೇತಿನ ಮೇಲೆ ಮರ ಗಿರಗಿರನೆ ತಿರುಗಿಸಿ ಬಟ್ಟಲು, ಬುಗುರಿ, ಲಟ್ಟಣಿಗೆ ಕಡೆದದ್ದಕ್ಕೆ ಬೀದಿ ಕೊಟ್ಟ ಬಿರುದು ಅದು. ಹೆಂಡತಿ ಏನೂ ಕಡೆಯದಿದ್ದರೂ ಪುಕ್ಕಟೆಯಾಗಿ ಗಿರಕಿ ಅಜ್ಜಿ ಆಗಿದ್ದಳು.

ಅಜ್ಜಿ ಅಡುಗೆಮನೆಯಿಂದ ಬಂದು ಬಟ್ಟಲೊಂದನ್ನು ಮೂಸಿದಳು. ಅದು ಅವಳದೇ ಗುಲಾಬಿ ತಲೆಯೆಣ್ಣೆ! ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ಡಬ್ಬಿ ತಂದು, ಮಿಕ್ಕಿದ್ದನ್ನು ತಾತನ ಖಾಲಿ ಬಾಟಲಿಗೆ ಸುರಿದು ಅವನ ಕಪಾಟಿನಲ್ಲೇ ಇಟ್ಟಿದ್ದಳು.

ಆದರೂ ಲೆಕ್ಕ ತಪ್ಪುತ್ತಿತ್ತು. ತಾತನ ಮೂಗೆಂದರೆ ಸಾಮಾನ್ಯದ್ದೇ? ಎದುರು ಬೀದಿಯಲ್ಲಿ ಯಾರಾದರೂ ಪೆನ್ಸಿಲ್ ಹೆರೆದರೆ ಅದು ಯಾವ ಮರದ್ದೆಂದು ಇಲ್ಲಿಂದಲೇ ಹೇಳುತ್ತಿದ್ದ. ಕಪಾಟಿನ ಮೂವತ್ತು ಬಾಟಲಿಗಳಲ್ಲಿ ಒಂದಕ್ಕೂ ಹೆಸರು ಬರೆದಿರಲಿಲ್ಲ. “ಮೂಗಿರೋನಿಗೆ ಚೀಟಿ ಯಾಕೆ?” ಎನ್ನುತ್ತಿದ್ದ. ಮರಕ್ಕೆ ಹಚ್ಚುವ ಅಗಸೆ ಎಣ್ಣೆಯನ್ನು ವಾರಗಟ್ಟಲೆ ಬಿಸಿಲಿಗಿಟ್ಟು, ಜೇನುಮೇಣ ಕರಗಿಸಿ ಸೇರಿಸಿ, ಹದ ಬಂತೋ ಇಲ್ಲವೋ ಎಂಬುದನ್ನು ಮೂಗಿನಿಂದಲೇ ತೀರ್ಮಾನಿಸುತ್ತಿದ್ದ. ಅಂಥವನಿಗೆ ಗುಲಾಬಿ ಗೊತ್ತಾಗಲಿಲ್ಲವೇ?

“ಹತ್ತು ಹದಿನೈದು ದಿನ ಕೊಡಮ್ಮಾ, ಸರಿಮಾಡಿ ಕೊಡ್ತಾರೆ,” ಎಂದು ಅಜ್ಜಿಯೇ ಟೀಚರಮ್ಮನನ್ನು ಸಾಗಹಾಕಿದಳು.

ಅವಳು ಹೊಸ್ತಿಲು ದಾಟಿದ್ದೇ ತಡ, ತಾತ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ.

“ಸಾಕು ಕಣೇ. ಲೇತು ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕಣ್ಣು ಮಂಜಾಗಿದೆ.”

ಕಣ್ಣಂತೆ! ಬೆಳಿಗ್ಗೆ ತಾನೇ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದ, ಅದೂ ಒಂದೇ ಏಟಿಗೆ. ಲೇತು ನಿಂತರೆ ಈ ಮನುಷ್ಯ ಮೂರೇ ದಿನಕ್ಕೆ ಗೋಡೆಗೆ ಒರಗಿಸಿಟ್ಟ ಕೊಡೆ ಆಗುತ್ತಾನೆ ಎಂದು ಅಜ್ಜಿಗೆ ಗೊತ್ತು. ಒಳಗೆ ಹೋಗಿ ಒಂದು ಮುಚ್ಚಳದಲ್ಲಿ ನಾಲ್ಕು ಹನಿ ಸೀಮೆಎಣ್ಣೆ ತಂದು ಅವನ ಮೂಗಿನ ಕೆಳಗೆ ಹಿಡಿದಳು.

“ರೀ, ಹೊಸ ತಲೆಯೆಣ್ಣೆ. ಹೇಗಿದೆ ನೋಡಿ.”

ತಾತ ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡ. “ಆಹಾ! ಗುಲಾಬಿ ತೋಟ ಕಣೇ!”

ಅಜ್ಜಿ ಪಕ್ಕನೆ ನಕ್ಕಳು. ಅರ್ಧ ನಗುವಿನಲ್ಲೇ ಮುಚ್ಚಳ ಕೆಳಗಿಟ್ಟಳು.

“ಯಾವತ್ತಿಂದ?”

“ಏನು ಯಾವತ್ತಿಂದ?”

“ಸೀಮೆಎಣ್ಣೆ ಗುಲಾಬಿ ಆಗಿದ್ದು?”

ತಾತ ಕೆಳಗೆ ಬಿದ್ದಿದ್ದ ಮರದ ಸುರುಳಿಗಳನ್ನು ಕಾಲಿನಿಂದ ಒಟ್ಟುಮಾಡಿದ, ಮತ್ತೆ ಹರಡಿದ. “ಆ ಜ್ವರ ಬಂತಲ್ಲ, ಅವತ್ತಿಂದ. ಮೂರು ತಿಂಗಳಾಯ್ತು. ಡಾಕ್ಟ್ರು ಕಾದು ನೋಡೋಣ ಅಂದ್ರು.”

“ಮತ್ತೆ ದಿನಾ ಸಂಜೆ ನನ್ನ ಜಡೆ ಮೂಸಿ ‘ಘಮ್ ಅಂತಿದೆ’ ಅಂತಿದ್ರಲ್ಲ?”

“ನಲವತ್ತು ವರ್ಷದಿಂದ ಅಂದಿದ್ದೀನಿ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ನೀನು ಬಿಡ್ತಿದ್ಯಾ?”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅಡುಗೆಮನೆಯ ಸ್ಟೂಲನ್ನು ದರದರನೆ ಎಳೆದು ತಂದು ಲೇತಿನ ಪಕ್ಕ ಹಾಕಿ, ನ್ಯಾಯಾಧೀಶೆಯಂತೆ ಕೂತಳು.

“ಉಳಿ ಹಿಡೀರಿ. ನಿಮ್ಮ ಕೈ ಇದೆ, ನನ್ನ ಮೂಗಿದೆ. ಎರಡೂ ಸೇರಿದ್ರೆ ಒಬ್ಬ ಕೆಲಸಗಾರ ಆಗಲ್ವಾ?”

“ನಿನಗೇನು ಗೊತ್ತೇ ಎಣ್ಣೆ ವಿಷಯ?”

“ನೀವು ಮೊದಲು ಕಡೀರಿ.”

ತಾತ ಮೊದಲ ಬಟ್ಟಲನ್ನು ಲೇತಿಗೆ ಕಚ್ಚಿಸಿ, ಒಳಹೊರಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದ. ಅಜ್ಜಿ ಮೂಸಿ, “ಇನ್ನೂ ಇದೆ,” ಎಂದಳು. ಮತ್ತೊಂದು ಪದರ ಹೋಯಿತು. “ಈಗ ಬರೀ ಮರ.” ಹಾಗೆ ಐದು ಬಟ್ಟಲು ಗೆದ್ದವು. ಆರನೆಯದು ಮಾತ್ರ ಎಷ್ಟು ಹೆರೆದರೂ ಗುಲಾಬಿ ಬಿಡಲೊಲ್ಲದು. ಕೊನೆಗೆ ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ ಎಂದು ಅಜ್ಜಿ ಆಣೆ ಮಾಡಿದಳು. ತಾತ ಅದನ್ನು ಪಕ್ಕಕ್ಕಿಟ್ಟು, ಹೊಸ ಮರದ ತುಂಡು ತೆಗೆದುಕೊಂಡ.

ಇನ್ನು ಎಣ್ಣೆ. ತಾತ ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ತೆರೆದು ಅವಳ ಮುಂದೆ ಹಿಡಿದ.

“ಹಸಿ ಹುಲ್ಲಿನ ಹಾಗಿದ್ರೆ ಇನ್ನೂ ಬಿಸಿಲು ಬೇಕು. ಹಳೇ ಮೀನಿನ ಹಾಗಿದ್ರೆ ಚೆಲ್ಲಬೇಕು. ಸರಿಯಾದ್ದು ಹೇಗಿರತ್ತೆ ಅಂದ್ರೆ... ಅದನ್ನ ಹೇಳೋಕಾಗಲ್ಲ ಕಣೇ. ಮೂಗಿಗೇ ಗೊತ್ತಾಗ್ಬೇಕು.”

ಮೊದಲ ಬಾಟಲಿ ಹುಲ್ಲು. ಎರಡನೆಯದಕ್ಕೆ ಅಜ್ಜಿ ಮುಖ ಕಿವುಚಿ, “ಮೀನು ಸತ್ತು ನೂರು ವರ್ಷ ಆಗಿದೆ,” ಎಂದಳು. ಮೂರನೆಯದನ್ನು ಮೂಸಿದವಳು ಮತ್ತೆ ಮೂಸಿದಳು.

“ಏನೇ? ಏನು ವಾಸನೆ?”

“ನಿಮ್ಮ ಅಂಗಿ.”

“ಯಾವ ಅಂಗಿ?”

“ಎಲ್ಲಾ ಅಂಗೀನೂ! ನಲವತ್ತು ವರ್ಷ ಒಗೆದಿದ್ದೀನಿ. ಒಗೆದ್ರೂ ಹೋಗ್ತಿರಲಿಲ್ಲ. ನೀವು ಬೇರೆ ಊರಿಗೆ ಹೋದಾಗ ಒಂದನ್ನ ಒಗೆಯದೆ ಇಟ್ಕೋತಿದ್ದೆ.”

ತಾತ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದ. “ಹಾಗಾದ್ರೆ ಅದೇ,” ಎಂದ.

ಅಜ್ಜಿ ಆ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದಳು, ತನ್ನ ತಲೆಯೆಣ್ಣೆಯನ್ನು ಮನೆಯ ಇನ್ನೊಂದು ತುದಿಗೆ ಸಾಗಿಸಿದಳು. ತಾತ ಬಟ್ಟೆಯ ಚೂರಿನಿಂದ ಎಣ್ಣೆ ಉಜ್ಜಿದ, ಒರೆಸಿದ, ಒಣಗಲು ಬಿಟ್ಟ, ಮತ್ತೆ ಉಜ್ಜಿದ. ಮುದ್ದೆಯಾಗಿ ಬಿಟ್ಟರೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತವೆಂದು ಎಣ್ಣೆಬಟ್ಟೆಗಳನ್ನು ಅಜ್ಜಿ ಹಿತ್ತಲಿನಲ್ಲಿ ಒಂದೊಂದಾಗಿ ಹರವಿದಳು.

ಹದಿನೈದನೆಯ ದಿನ ಟೀಚರಮ್ಮ ಅತ್ತೆಯನ್ನೇ ಕರೆದುಕೊಂಡು ಬಂದಳು. ಆ ಮುದುಕಿ ಆರು ಬಟ್ಟಲನ್ನೂ ಮೂಸಿ, ಒಂದನ್ನು ನೆಕ್ಕಿಯೂ ನೋಡಿ, “ಇನ್ನೂ ನಾಲ್ಕು ಮಾಡಿಕೊಡಪ್ಪಾ,” ಎಂದಳು. ತಾತ ಮೊಳೆಯಲ್ಲಿದ್ದ ಏಪ್ರನ್ ತೆಗೆದು ಕಟ್ಟಿಕೊಂಡ.

ಆ ಸಂಜೆ ಅಜ್ಜಿ ಆ ತೆಳು ಬಟ್ಟಲಿನಲ್ಲಿ ಪಿನ್ನುಗಳನ್ನಿಟ್ಟುಕೊಂಡು ಜಡೆ ಹಾಕುತ್ತಿದ್ದಳು. ತಾತ ಅಭ್ಯಾಸಬಲದಿಂದ ಬಗ್ಗಿದವನು ಅಲ್ಲೇ ತಡೆದ.

“ಯಾಕ್ರೀ ನಿಂತ್ರಿ?”

“ಇನ್ನು ಸುಳ್ಳು ಹೇಳಲ್ಲ.”

“ಹಾಗಾದ್ರೆ ನನ್ನನ್ನೇ ಕೇಳಿ.”

ತಾತ ಅವಳ ತಲೆಯ ಮೇಲೆ ಗಲ್ಲ ಊರಿದ. “ಹೇಗಿದೆಯೇ ಇವತ್ತು?”

“ಘಮ್ ಅಂತಿದೆ ರೀ. ಜೇನುನೊಣಗಳು ಗೇಟಿನಾಚೆವರೆಗೂ ಸಾಲು ನಿಂತಿವೆ.”

“ಇರ್ಲಿ, ಕಾಯ್ಲಿ,” ಎಂದ ತಾತ, ಗಲ್ಲ ತೆಗೆಯದೆ.