ಹೆತ್ತ ಬಂಡೆ

ಜಾಯಿದ್ ಹಾರೆ ಮೀಟಿದ. ಸ್ಮಶಾನದ ಮೇಲಿನ ಇಳಿಜಾರಿನಲ್ಲಿ ಚಪ್ಪಡಿ ಲಟ್ಟನೆ ಎದ್ದು ಎರಡು ಹೋಳಾಯಿತು. ಅಣ್ಣ ಲಹ್ಸೆನನ ಗೋರಿಯ ಮೇಲೆ ಮುಚ್ಚಲು ಅದೊಂದೇ ಬಾಕಿಯಿತ್ತು. ಅದರಡಿ ತೆರೆದುಕೊಂಡ ಬಂಡೆಯ ಮೈ ನೋಡಿದವನೇ ಹಾರೆ ಬಿಸಾಕಿ ಮನೆಗೆ ಓಡಿದ.

ಅಂಗಳದಲ್ಲಿ ಹೆಂಗಸರ ನಡುವೆ ಕೂತಿದ್ದ ಅಣ್ಣನ ಮಗಳು ಇಜ್ಜಾ ತಲೆಯೆತ್ತಿದಳು.

"ನಿಮ್ಮಪ್ಪನ ಆ ಸುಕ್ಕುಗಲ್ಲು ಎಲ್ಲಿದೆಯಮ್ಮಾ? ಅಲ್ಲಿ ಅಂಥದೇ ಇದೆ ಕಣೇ! ಮುದುಕಿ ಕೆನ್ನೆ ಥರ!"

"ನನ್ನ ಮುಖ ಯಾಕೋ ನೋಡ್ತೀಯ?" ಎಂದಳು ಅವನ ಮುದಿ ಅಕ್ಕ ಫಾದ್ಮಾ.

*

ಲಹ್ಸೆನ್ ಹೇಸರಗತ್ತೆ ಹೊಡೆಯುವವನು. ಆ ಕಲ್ಲು ಅವನಿಗೆ ಹಳ್ಳದಲ್ಲಿ ಸಿಕ್ಕಿತ್ತು. ವಸಂತದಲ್ಲಿ ದಾದೆಸ್ ಕಣಿವೆಗೆ ಬರುತ್ತಿದ್ದ ಕಲ್ಲಿನ ಪಂಡಿತೆ ಅದನ್ನು ಸವರಿ, "ಗಿಡ, ಮೀನು ಏನೂ ಹುಟ್ಟೋಕೆ ಮುಂಚೆಯೇ ಕಡಲ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪೊರೆಯ ಹಾಗೆ ಹಾಸಿಕೊಂಡಿದ್ದವು. ಇದು ಆ ಪೊರೆಯ ಸುಕ್ಕಿರಬಹುದು. ಆದರೆ ಬಿಡಿಗಲ್ಲು ಸಾಕ್ಷಿ ಹೇಳಲ್ಲ ಲಹ್ಸೆನ್. ಇದನ್ನು ಹೆತ್ತ ಬಂಡೆ ತೋರಿಸು" ಎಂದಿದ್ದಳು.

ಅವನು ಬೆಟ್ಟ ಬೆಟ್ಟ ಅಲೆದ. ಊರು ಕಲ್ಲುಮರುಳ ಎಂದು ನಕ್ಕಿತು. ಸ್ಮಶಾನದ ಬಂಡೆಯೊಂದನ್ನು ಮಾತ್ರ ಅವನು ಮುಟ್ಟಲಿಲ್ಲ. ಸಾವಾಗದೆ ಅಲ್ಲಿ ಯಾರೂ ಹಾರೆ ಹಾಕುವುದಿಲ್ಲ.

*

ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲಿದ್ದ ಕಲ್ಲನ್ನು ಎತ್ತಿಕೊಂಡು ಇಜ್ಜಾ ಓಡಿದಳು.

"ಏಯ್, ಮೂರನೇ ದಿನದ ತನಕ ಹೆಂಗಸರು ಗೋರಿ ಹತ್ರ ಹೋಗೋ ಹಾಗಿಲ್ಲ!" ಎಂದಳು ಫಾದ್ಮಾ.

"ಗೋರಿ ಹತ್ರ ಅಲ್ಲ ಅತ್ತೇ, ಬಂಡೆ ಹತ್ರ!"

ಅವಳು ಇಳಿಜಾರು ಹತ್ತುವಷ್ಟರಲ್ಲಿ ಗಂಡಸರಲ್ಲೊಬ್ಬ ಸುಕ್ಕುಬಂಡೆಯ ಸಂದಿಗೇ ಹಾರೆ ತೂರಿಸಿದ್ದ.

"ಎಬ್ಬಿಸಬೇಡಿ!" ಗಂಡಸರೆದುರು ಎಂದೂ ಬಾಯಿಬಿಡದವಳು ಕೂಗಿದಳು.

"ಮತ್ತೆ ನಿಮ್ಮಪ್ಪನ್ನ ಬಿಸಿಲಲ್ಲೇ ಇಡೋಣವಾ? ಇನ್ನೊಂದು ಚಪ್ಪಡಿ ಬೇಕಲ್ಲ!"

ಅವಳು ಮಂಡಿಯೂರಿ ಕಲ್ಲನ್ನು ಬಂಡೆಯ ಪಕ್ಕ ಇಟ್ಟಳು. ಅದೇ ಸುಕ್ಕು. ಅಂಚಿನಲ್ಲಿ ಅದೇ ತುಕ್ಕುಗೆಂಪಿನ ಗೆರೆ. ಗಂಡಸರೆಲ್ಲ ಬಗ್ಗಿದರು.

"ಅಯ್ಯೋ ಕಲ್ಲುಮರುಳ!" ಜಾಯಿದ್ ಅಳುತ್ತಲೇ ನಕ್ಕುಬಿಟ್ಟ. "ಸತ್ತಾದ್ರೂ ಹುಡುಕಿದೆಯಲ್ಲೋ!"

"ಚಿಕ್ಕಪ್ಪಾ, ನಮ್ಮ ಬಾಗಿಲ ಪಕ್ಕ ಅಪ್ಪ ಚಹಾ ಕುಡೀತಾ ಕೂರ್ತಿದ್ದ ಚಪ್ಪಡಿ ತಗೊಳ್ಳಿ. ಇದನ್ನ ಬಿಟ್ಟುಬಿಡಿ."

ಹಾರೆ ಹಿಂದೆ ಸರಿಯಿತು. ನಾಲ್ವರು ಮನೆಯತ್ತ ಓಡಿದರು.

ಕೂತು ಕೂತು ನುಣುಪಾಗಿದ್ದ ಚಪ್ಪಡಿ ಲಹ್ಸೆನನ ಮೇಲೆ ಸರಿಯಾಗಿ ಕೂತಿತು. ಮಣ್ಣೆಳೆದು, ನೀರು ಚಿಮುಕಿಸಿ, ಉಳಿದ ನೀರಿನ ಕೊಡವನ್ನು ಜಾಯಿದ್ ಇಳಿಜಾರಿನ ಮೇಲಕ್ಕೆ ತಂದು ಇಜ್ಜಾಳ ಕೈಗಿತ್ತ. ಅವಳು ಬಂಡೆಯ ಮೇಲೆ ಸುರಿದಳು. ನೀರು ಸುಕ್ಕಿನಿಂದ ಸುಕ್ಕಿಗೆ ಹರಿಯಿತು. ಒಣಬಂಡೆ ಕಪ್ಪಾಗಿ ಮಿನುಗಿ, ಈಗಷ್ಟೇ ಕಡಲಿನಿಂದ ಎದ್ದಂತೆ ಕಂಡಿತು.